ಭಾನುವಾರದ ಚರ್ಚೆ: ಯಾಕುಜಾ

ಎಲ್ಲರಿಗೂ ನಮಸ್ಕಾರ. ಈ ಸಲ ಜಪಾನಿನ ಸಂಘಟಿತ ಅಪರಾಧ ಗುಂಪುಗಳಾದ ಯಾಕುಜಾ ಬಗ್ಗೆ ಮಾತು. ಮೈತುಂಬ ಹಚ್ಚೆ, ಕತ್ತರಿಸಿದ ಕಿರುಬೆರಳಿನ ಫೋಟೋಗಳನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ, ಸಾಕಷ್ಟು ನೋಡಿದ್ದೇವೆ. ಅವರ ಈಗಿನ ಪಾಡೇ ಹೆಚ್ಚು ಕುತೂಹಲದ್ದು.

1960ರ ದಶಕದಲ್ಲಿ 1.8 ಲಕ್ಷ ದಾಟಿದ್ದವರು ಈಗ 20 ಸಾವಿರದ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಜನ 50 ದಾಟಿದವರು. ಗುಂಪಿನಲ್ಲಿರುವುದೇ ಅಪರಾಧವಲ್ಲ. ಆದರೆ ಇವರನ್ನು ಹತ್ತಿಕ್ಕುವ 1992ರ ಕಾನೂನು, 2011ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳಲ್ಲೂ ಬಂದ ನಿಯಮಗಳು ಸೇರಿ ಬ್ಯಾಂಕ್ ಖಾತೆ, ಬಾಡಿಗೆ ಮನೆ, ಮೊಬೈಲ್ ಯಾವುದೂ ಸಲೀಸಾಗಿ ಸಿಗುವುದಿಲ್ಲ. ಬಿಟ್ಟು ಬಂದರೂ ಸಾಮಾನ್ಯವಾಗಿ ಐದು ವರ್ಷ ಅದೇ ಗೋಳು. ಹಾಗಾದ್ರೆ ಬಿಟ್ಟವನು ಹೊಟ್ಟೆಗೇನು ಮಾಡಬೇಕು? ಇದನ್ನು ಯೋಚಿಸಿಕೊಂಡು ಬನ್ನಿ.

1995ರ ಕೋಬೆ ಭೂಕಂಪದಲ್ಲಿ ಯಾಮಗುಚಿ-ಗುಮಿ ಎಂಬ ಯಾಕುಜಾ ಗುಂಪು ಊಟ ಹಂಚಿದ್ದನ್ನು ಯಾರಾದರೂ ಎತ್ತಿಯೇ ಎತ್ತುತ್ತೀರಿ, ಅಲ್ವಾ? ಎತ್ತಿ. ಅವರ ಸುಲಿಗೆಯನ್ನೂ ಜೊತೆಗೇ ಹೇಳಿ.