ಅದೇ ಮನೆಗೆ ಮತ್ತೆ ಹೋಗಬೇಕು

ಮಾನ್ಯರೇ,

ಜಿಲ್ಲೆಯಲ್ಲಿ ಬಿಪಿ, ಶುಗರ್ ಏರಿದೆ ಎನ್ನಲು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ (2015-16) ಮತ್ತು ಐದನೇ (2019-21) ಸುತ್ತಿನ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದುಂಟು. ಹಾಗೆ ನೇರವಾಗಿ ಹೋಲಿಸಲು ಬರುವುದಿಲ್ಲ. ನಾಲ್ಕನೇ ಸುತ್ತಿನಲ್ಲಿ ಬಿಪಿ ಅಳೆದದ್ದು 15ರಿಂದ 49 ವರ್ಷದ ಮಹಿಳೆಯರು ಮತ್ತು 15ರಿಂದ 54ರ ಪುರುಷರಿಗೆ. ಐದರಲ್ಲಿ 15 ದಾಟಿದ ಎಲ್ಲರಿಗೂ. ಅಜ್ಜ ಅಜ್ಜಿಯರು ಲೆಕ್ಕಕ್ಕೆ ಸೇರಿದ ಮೇಲೆ ಶೇಕಡಾವಾರು ಏರದೆ ಇನ್ನೇನಾದೀತು? ಮೂಲ ದತ್ತಾಂಶದಲ್ಲಿ ಎರಡೂ ಸುತ್ತಿನ 15-49ರವರನ್ನಷ್ಟೇ ಆಯ್ದುಕೊಂಡು ಲೆಕ್ಕ ಹಾಕಬೇಕು. ಇನ್ನು ‘2019-21’ ಎಂದು ಕಂಡ ಕೂಡಲೇ ಕೋವಿಡ್ ಮೇಲೆ ಹಾಕುವವರಿಗೆ ಒಂದು ಮಾತು: ಕರ್ನಾಟಕದ ಮನೆಗಳಿಗೆ ತಂಡಗಳು ಹೋಗಿ ಬಂದದ್ದು 2019ರಲ್ಲೇ.

ಇಷ್ಟು ಸರಿಪಡಿಸಿದರೂ ದೊಡ್ಡ ಕೊರತೆ ಉಳಿಯುತ್ತದೆ. ಈ ಸಮೀಕ್ಷೆ ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ಮನೆಗಳನ್ನು ಆರಿಸುತ್ತದೆ. ಜಿಲ್ಲೆ ಹೇಗೆ ಬದಲಾಯಿತು ಎಂಬುದು ತಿಳಿಯುತ್ತದೆ. ಬೀಡಿ ಕಟ್ಟುವ ಹೆಂಗಸಿನ ಉಸಿರಾಟ ಹತ್ತು ವರ್ಷದಲ್ಲಿ ಏನಾಯಿತು, ಮಗ ಗಲ್ಫಿಗೆ ಹೋದ ಮೇಲೆ ತಾಯಿಯ ಮನಸ್ಥಿತಿ ಹೇಗಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಅದೇ ಜನರನ್ನು ಮತ್ತೆ ಮತ್ತೆ ಕೇಳಬೇಕು. ಬ್ರಿಟನ್ನಿನಲ್ಲಿ 1991ರಿಂದ, ಜರ್ಮನಿಯಲ್ಲಿ 1984ರಿಂದ ಇಂಥ ಕೆಲಸ ನಡೆದಿದೆ. ನಮ್ಮಲ್ಲಿ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ 2004-05ರಲ್ಲಿ ಸುಮಾರು 41,500 ಮನೆಗಳಿಂದ ಆರಂಭಿಸಿ, 2011-12ರಲ್ಲಿ ಅವುಗಳಲ್ಲಿ ಶೇ 83ರಷ್ಟನ್ನು ಮತ್ತೆ ತಲುಪಿತು. ಒಳ್ಳೆಯ ಸಾಧನೆಯೇ. ಆದರೆ ಪಾಲಾಗಿ ಅದೇ ಊರಲ್ಲಿ ಉಳಿದವರನ್ನು ಹುಡುಕಿದರೇ ಹೊರತು ಊರು ಬಿಟ್ಟವರ ಬೆನ್ನು ಹತ್ತಲಿಲ್ಲ. ಮುಂಬೈ, ಬೆಂಗಳೂರು, ದುಬೈಗೆ ಹಂಚಿಹೋದ ಕರಾವಳಿಯ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ. ಉಳಿದವರ ಆರೋಗ್ಯವನ್ನೇ ಎಲ್ಲರ ಆರೋಗ್ಯ ಎಂದು ಓದುವ ತಪ್ಪು ಇಲ್ಲಿಂದಲೇ ಶುರು. ಮತ್ತೆ ಕೈಗೆ ಸಿಗದವರ ಮೊದಲ ಸುತ್ತಿನ ವಯಸ್ಸು, ಆದಾಯ, ಕಾಯಿಲೆಗಳನ್ನು ಉಳಿದವರದ್ದರ ಜೊತೆ ಹೋಲಿಸಿ ನೋಡದೆ ಯಾವ ತೀರ್ಮಾನಕ್ಕೂ ಬರಬಾರದು. ದತ್ತಾಂಶದ ಪಟ್ಟಿಯಲ್ಲಿ ತೀರಿಕೊಂಡವರ ಸಾಲನ್ನು ಖಾಲಿ ಬಿಡದೆ ತಾರೀಖು, ಕಾರಣ ಬರೆಯಬೇಕು. ಸಾವೂ ಒಂದು ಉತ್ತರ.

ನಮ್ಮ ಭಾಗದ ವೈದ್ಯಕೀಯ ಕಾಲೇಜುಗಳು ಹಳ್ಳಿಗಳಲ್ಲಿ ಇಂಥ ಕೆಲಸ ಕೈಗೆತ್ತಿಕೊಂಡರೆ ಮೊದಲ ದಿನವೇ ತೀರ್ಮಾನಿಸಬೇಕಾದವು ಕೆಲವಿವೆ. ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಮನೆ. ಆದರೆ ಸಂಖ್ಯೆ ಮನೆಗಲ್ಲ, ವ್ಯಕ್ತಿಗೆ ಕೊಡಬೇಕು, ಪಾಲಾದರೂ ಮದುವೆಯಾಗಿ ಹೋದರೂ ಅದು ಬದಲಾಗಬಾರದು. ಬೇರೆ ಮನೆಯಲ್ಲಿರುವ ಇಬ್ಬರು ನೆಂಟರ ಫೋನ್ ನಂಬರ್ ಬರೆದಿಟ್ಟುಕೊಳ್ಳಬೇಕು. ಪ್ರತಿ ಸುತ್ತೂ ಅದೇ ತಿಂಗಳಲ್ಲಿ ನಡೆಯಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕಾ ಬೋಟುಗಳು ಕಡಲಿಗಿಳಿಯುವುದಿಲ್ಲ. ಮಲ್ಪೆಯಲ್ಲಿ ಒಮ್ಮೆ ಜುಲೈಯಲ್ಲಿ, ಇನ್ನೊಮ್ಮೆ ಡಿಸೆಂಬರಿನಲ್ಲಿ ‘ಕಳೆದ ತಿಂಗಳ ಆದಾಯ’ ಕೇಳಿದರೆ ಬಡತನ ನೀಗಿತೆಂಬ ಸುಳ್ಳು ಸುದ್ದಿ ಹುಟ್ಟುತ್ತದೆ. ಬಿಪಿಯನ್ನು ಐದು ನಿಮಿಷ ಬಿಟ್ಟು ಬಿಟ್ಟು ಮೂರು ಬಾರಿ ನೋಡಿ, ಮೊದಲನೆಯದನ್ನು ಕೈಬಿಟ್ಟು ಉಳಿದೆರಡರ ಸರಾಸರಿ ತೆಗೆಯಬೇಕು. ಮಧ್ಯೆ ಯಂತ್ರ ಬದಲಾದರೆ ಕೆಲವರಿಗಾದರೂ ಹಳೆಯದು, ಹೊಸದು ಎರಡರಲ್ಲೂ ಅಳೆದು ವ್ಯತ್ಯಾಸ ಗುರುತಿಸಬೇಕು. ನಿದ್ದೆ, ಬೇಸರ, ನೆಮ್ಮದಿಯ ಪ್ರಶ್ನೆಗಳಿಗೆ ಮನೆಯಲ್ಲಿಲ್ಲದ ಮಗನ ಪರವಾಗಿ ಅಮ್ಮನ ಉತ್ತರ ನಡೆಯದು.

‘ನಿಮಗೆ ಕಾಯಿಲೆ ಇದೆಯೇ’ ಎಂಬ ಪ್ರಶ್ನೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಆರೋಗ್ಯದಲ್ಲಿ ಮುಂದಿರುವ ಕೇರಳದವರೇ ಬಿಹಾರದವರಿಗಿಂತ ಹೆಚ್ಚು ಕಾಯಿಲೆ ಹೇಳಿಕೊಳ್ಳುತ್ತಾರೆಂದು ಅಮರ್ತ್ಯ ಸೇನ್ 2002ರಲ್ಲೇ ತೋರಿಸಿದ್ದರು. ಹೆಜ್ಜೆಗೊಂದು ಆಸ್ಪತ್ರೆ ಇರುವ ಮಂಗಳೂರು, ಮಣಿಪಾಲದ ಸುತ್ತಮುತ್ತ ‘ಡಾಕ್ಟರು ಹೇಳಿದ್ದಾರೆ’ ಎನ್ನುವವರು ಸಹಜವಾಗಿ ಜಾಸ್ತಿ. ಹೇಳಿಕೆ ಬೇರೆ ಕಾಲಂ, ಅಳತೆ ಬೇರೆ ಕಾಲಂ ಆಗಿರಲಿ.

ಸದ್ಯಕ್ಕೆ ಖರ್ಚಿಲ್ಲದೆ ಆಗಬಹುದಾದದ್ದು ಇಷ್ಟು: ಜಿಲ್ಲೆಯ ಆರೋಗ್ಯದ ಅಂಕಿ ಪ್ರಕಟಿಸುವವರು ವಯೋಮಿತಿ ಮತ್ತು ಮನೆಗಳಿಗೆ ಹೋದ ತಿಂಗಳನ್ನು ಪಟ್ಟಿಯ ಕೆಳಗೇ ಅಚ್ಚು ಹಾಕಲಿ.

– ಸಮೀಕ್ಷಾ ದತ್ತಾಂಶ ಬಳಕೆದಾರರು, ಉಡುಪಿ