ಬಾಟಲಿ ಔಷಧಕ್ಕೆ ಎಲ್ಲ ಮಸಿಯೂ ಜಗ್ಗದು

ಮಾನ್ಯ ಸಂಪಾದಕರೇ,

ಮುಂಬಯಿಯ ಟ್ರಾಫಿಕ್ಕಿನಲ್ಲಿ ಮೊದಲ, ಎರಡನೇ ಗೇರಿನಲ್ಲೇ ತೆವಳುವ ಕಾರುಗಳ ಎಂಜಿನ್ನಿನಲ್ಲಿ ಕಾರ್ಬನ್ ಮಸಿ ಕಟ್ಟುವುದು ಸಹಜ. ಅದಕ್ಕೆಂದು ಪೆಟ್ರೋಲಿಗೆ ಬೆರೆಸುವ ಕ್ಲೀನರ್ ಕೊಳ್ಳುವವರು ಮೊದಲು ತಮ್ಮ ಎಂಜಿನ್ ಯಾವ ಬಗೆಯದೆಂದು ತಿಳಿಯಬೇಕು. ಪೋರ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲು ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿನ ಬೆನ್ನಿಗೇ ಚಿಮ್ಮುತ್ತದೆ. ಔಷಧವೂ ಅಲ್ಲಿಗೆ ಮುಟ್ಟುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲು ನೇರ ಸಿಲಿಂಡರಿಗೆ ಬೀಳುವುದರಿಂದ ವಾಲ್ವಿನ ಮಸಿಗೆ ಅದು ತಾಗುವುದೇ ಇಲ್ಲ. ಇಂಜೆಕ್ಟರ್ ತುದಿ, ಪಿಸ್ಟನ್ ತಲೆ ಶುಚಿಯಾದೀತು, ಅಷ್ಟೆ. ವಾಲ್ವಿನ ಮಸಿ ತೆಗೆಯಲು ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ತರುವ ಕೊಳವೆ) ಬಿಚ್ಚಿ ಅಕ್ರೋಟಿನ ಚಿಪ್ಪಿನ ಪುಡಿ ಊದಿಸಬೇಕು. (ನಗು ಬರಬಹುದು, ಆದರೆ ಲೋಹಕ್ಕೆ ಗೀರು ಬೀಳದಷ್ಟು ಮೆದು ಅದು.)

ಬಾಟಲಿಯ ಮೇಲೆ ಪಾಲಿಈಥರ್ ಅಮೀನ್ (ಮಸಿ ಕರಗಿಸುವ ರಾಸಾಯನಿಕ) ಎಂದಿರಲಿ. ಸಿಲಿಂಡರಿನ ಕಾವಿನಲ್ಲೂ ಅದು ಕೆಲಸ ಮಾಡುತ್ತದೆ. ಟ್ಯಾಂಕು ಬರಿದಾಗುತ್ತ ಬಂದಾಗ ಮೊದಲು ಔಷಧ ಸುರಿದು, ಮೇಲೆ ಬಾಟಲಿ ಹೇಳಿದಷ್ಟು ಪೆಟ್ರೋಲು ತುಂಬಿಸಿದರೆ ಚೆನ್ನಾಗಿ ಬೆರೆಯುತ್ತದೆ. 40 ಲೀಟರಿನ ಅಳತೆಯನ್ನು 10 ಲೀಟರಿಗೆ ಸುರಿಯಬೇಡಿ. ಆಮೇಲೆ ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ, ಒಂದು ಗೇರ್ ಕೆಳಗಿಟ್ಟು 3,000 ಆರ್‌ಪಿಎಂ ಆಸುಪಾಸಿನಲ್ಲಿ ಅರ್ಧ ಗಂಟೆ ಓಡಿಸಿ. ಔಷಧ, ಕರಗಿದ ಮಸಿ ಒಂದಿಷ್ಟು ಪಿಸ್ಟನ್ ರಿಂಗ್ ದಾಟಿ ಆಯಿಲಿಗೆ ಇಳಿಯುತ್ತವೆ. ಹಾಗಾಗಿ ಆಯಿಲ್ ಬದಲಿಸುವ ಮುಂಚಿನ ಟ್ಯಾಂಕಿಗೇ ಹಾಕುವುದು ಲೇಸು.

ಪ್ರತಿ ಸಲವೂ ಹಾಕಿಸಿ ಎನ್ನುವ ಪಂಪಿನವರ ಮಾತಿಗೆ ಮರುಳಾಗಬೇಡಿ. ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಬಾಟಲಿಗಿಂತ ಮೊದಲು ಸ್ಪಾರ್ಕ್ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ನೋಡಿಸಿ.

— ಕನ್ನಡಿಗ ಮೆಕ್ಯಾನಿಕರು, ಡೊಂಬಿವಲಿ