ಮಕ್ಕಳ ಕಂಪನಿ ಬೇರೆ, ಸ್ತ್ರೀಪಾತ್ರದ ಹುಡುಗರು ಬೇರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಶೇಕ್ಸ್‌ಪಿಯರ್ ಕಾಲದ ರಂಗಮಂದಿರಗಳ ಬಗ್ಗೆ ಬಂದ ಲೇಖನ ದೊಡ್ಡವರ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಹುಡುಗರು, ಬರೀ ಹುಡುಗರೇ ಆಡುತ್ತಿದ್ದ ಮಕ್ಕಳ ಕಂಪನಿಗಳು ಎಂಬ ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿದೆ. ಗ್ಲೋಬ್‌ನಲ್ಲಿ ‘ಹ್ಯಾಮ್ಲೆಟ್’ ನಾಟಕದ ಒಫೀಲಿಯಾ ಆಗುತ್ತಿದ್ದ ಹುಡುಗ ದೊಡ್ಡವರ ಕಂಪನಿಯಲ್ಲಿ ಹಿರಿಯ ನಟನ ಕೈಕೆಳಗೆ ಕಸಬು ಕಲಿಯುತ್ತಿದ್ದವನು. ಮಕ್ಕಳ ಕಂಪನಿಯಲ್ಲಿ ರಾಜ, ವಕೀಲ, ಮುದುಕ ಎಲ್ಲರೂ ಹುಡುಗರೇ. ಅಂಥ ಹುಡುಗ ಸಾಲೊಮನ್ ಪೇವಿ ಮುದುಕರ ಪಾತ್ರಗಳಿಗೇ ಹೆಸರಾಗಿದ್ದ. 1602ರಲ್ಲಿ ಅವನು ತೀರಿಕೊಂಡಾಗ ನಾಟಕಕಾರ ಬೆನ್ ಜಾನ್ಸನ್ ಬರೆದ ಚರಮಪದ್ಯದ ಪ್ರಕಾರ ಅವನಿಗೆ 13 ತುಂಬಿತ್ತೋ ಇಲ್ಲವೋ.

ಮಕ್ಕಳ ಕಂಪನಿಯ ಆಟವನ್ನು ಆ ಲೇಖನ ಶಾಲಾ ವಾರ್ಷಿಕೋತ್ಸವದಂಥ ವಿನೋದ ಎಂದಿರುವುದೂ ಸರಿಯಲ್ಲ. ಅದು ದುಡ್ಡಿನ ವ್ಯವಹಾರ. ಜೇಮ್ಸ್ ಬರ್ಬೇಜ್ 1596ರಲ್ಲಿ ಲಂಡನ್ನಿನ ಬ್ಲಾಕ್‌ಫ್ರಯರ್ಸ್‌ನ ಹಳೆಯ ಮಠದ ಭಾಗವೊಂದನ್ನು 600 ಪೌಂಡಿಗೆ ಕೊಂಡು ನಾಟಕಶಾಲೆ ಮಾಡಿಸಿದ. ಜನಜಂಗುಳಿ, ಪ್ಲೇಗು, ನಗಾರಿ ಕಹಳೆಗಳ ಗದ್ದಲ ಎಂದು ನೆರೆಯವರು ರಾಣಿಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ಗೆ ಅರ್ಜಿ ಕೊಟ್ಟರು, ದೊಡ್ಡವರ ಕಂಪನಿ ಒಳಗೆ ಕಾಲಿಡಲಾಗಲಿಲ್ಲ. ಖಾಲಿ ಬಿದ್ದಿದ್ದ ಅದನ್ನು 1600ರಲ್ಲಿ ಮಗ ರಿಚರ್ಡ್ ವರ್ಷಕ್ಕೆ 40 ಪೌಂಡ್ ಬಾಡಿಗೆಯಂತೆ 21 ವರ್ಷಕ್ಕೆ ಹೆನ್ರಿ ಇವಾನ್ಸ್‌ಗೆ ಕೊಟ್ಟ. ಇವಾನ್ಸ್ ಅಲ್ಲಿ ಆಡಿಸಿದ್ದು ಅರಮನೆಯ ಪ್ರಾರ್ಥನಾ ಮಂದಿರದ ಗಾಯಕ ಹುಡುಗರನ್ನು. ‘ಖಾಸಗಿ’ ಮನೆ ಎಂಬ ಹಣೆಪಟ್ಟಿ ಅಂಟಿಸಿದ್ದರೂ ಬಾಗಿಲಲ್ಲಿ ಕಾಸು ವಸೂಲಾಗುತ್ತಿತ್ತು. ಗ್ಲೋಬ್‌ನಲ್ಲಿ ನಿಂತು ನೋಡಲು 1 ಪೆನ್ನಿ ಸಾಕಿತ್ತು. ಇಲ್ಲಿ ಕನಿಷ್ಠ 6 ಪೆನ್ನಿ, ವೇದಿಕೆಯ ಮೇಲೇ ಸ್ಟೂಲು ಹಾಕಿಸಿಕೊಳ್ಳುವ ಶೋಕಿವಾಲರು ಇನ್ನಷ್ಟು ತೆರಬೇಕಿತ್ತು.

ಸಭಾಂಗಣ 66 ಅಡಿ ಉದ್ದ, 46 ಅಡಿ ಅಗಲ. ಮುಚ್ಚಿದ ಮನೆಯಾದ್ದರಿಂದ ಮೇಣದಬತ್ತಿ ಬೇಕೇ ಬೇಕು. ಬತ್ತಿಯ ತುದಿ ಕರಕಾಗಿ ಉದ್ದವಾದರೆ ಹೊಗೆ ಏಳುತ್ತದೆ, ಮೇಣ ಒಂದೇ ಕಡೆ ಸುರಿದು ಬೇಗ ಮುಗಿಯುತ್ತದೆ. ಹಾಗಾಗಿ ಅಂಕ ಮುಗಿದಾಗಲೆಲ್ಲ ತುದಿ ಕತ್ತರಿಸಬೇಕು, ಆ ಹೊತ್ತನ್ನು ಸಂಗೀತ ತುಂಬಬೇಕು. ಬಯಲು ರಂಗಮಂದಿರಗಳಲ್ಲಿ ನಾಟಕ ಬಿಡುವಿಲ್ಲದೆ ಓಡುತ್ತಿತ್ತು. ಐದು ಅಂಕಗಳ ನಡುವೆ ನಿಲ್ಲಿಸುವ ರೂಢಿ ದೊಡ್ಡವರಿಗೆ ಬಂದದ್ದು ಈ ಮನೆಯಿಂದಲೇ. 1602ರಲ್ಲಿ ಬಂದಿದ್ದ ಪೊಮೆರೇನಿಯದ ಡ್ಯೂಕನ ಪರಿವಾರದವನು ನಾಟಕಕ್ಕೆ ಮುನ್ನ ಒಂದು ತಾಸು ಆರ್ಗನ್, ಲ್ಯೂಟ್, ಪಿಟೀಲು, ಕೊಳಲು ಕೇಳಿದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹಾಡು ಬಲ್ಲ ಹುಡುಗರ ಕಂಪನಿಗೆ ಅದೇ ಬಂಡವಾಳ.

ಆದರೆ ಹುಡುಗರು ಬರುತ್ತಿದ್ದ ದಾರಿ ಮಾತ್ರ ಕೆಟ್ಟದ್ದು. ಗಾಯನಕ್ಕೆ ಬೇಕಾದ ಹುಡುಗರನ್ನು ಎಲ್ಲಿಂದಲಾದರೂ ಕರೆದೊಯ್ಯುವ ರಾಜಾಜ್ಞೆ ಗಾಯಕರ ಗುರು ನಥಾನಿಯಲ್ ಗೈಲ್ಸ್‌ನ ಬಳಿ ಇತ್ತು. ಅದನ್ನೇ ನಾಟಕಕ್ಕೂ ಬಳಸಿದರು. 1600ರ ಡಿಸೆಂಬರ್ 13ರಂದು ಥಾಮಸ್ ಕ್ಲಿಫ್ಟನ್ ಎಂಬ ಬಾಲಕನನ್ನು ಶಾಲೆಗೆ ಹೋಗುವ ದಾರಿಯಲ್ಲೇ ಹಿಡಿದರು. ಕೈಗೆ ಮಾತಿನ ಸುರುಳಿ ಕೊಟ್ಟು, ಬಾಯಿಪಾಠ ಮಾಡದಿದ್ದರೆ ಚಾಟಿ ಏಟು ಎಂದು ಬೆದರಿಸಿದರಂತೆ. ಅಪ್ಪ ಹೆನ್ರಿ ಕ್ಲಿಫ್ಟನ್ ಸ್ಥಿತಿವಂತ. ಪ್ರಿವಿ ಕೌನ್ಸಿಲ್ ಸದಸ್ಯನೊಬ್ಬನ ಆಜ್ಞೆ ತಂದು ಮರುದಿನವೇ ಮಗನನ್ನು ಬಿಡಿಸಿಕೊಂಡ, ಆಮೇಲೆ ಸ್ಟಾರ್ ಚೇಂಬರ್ ನ್ಯಾಯಾಲಯಕ್ಕೂ ದೂರು ಕೊಟ್ಟ. ದೂರಿನಲ್ಲಿ ಇನ್ನೂ ಏಳು ಹುಡುಗರ ಹೆಸರಿದೆ, ಇವರಿಗೆ ಹಾಡಲೂ ಬಾರದು ಎಂಬ ಮಾತಿದೆ. 1602ರಲ್ಲಿ ಇವಾನ್ಸ್‌ಗೆ ಛೀಮಾರಿ ಬಿತ್ತು. ಅಂಥ ಅಪ್ಪನಿಲ್ಲದ ಆ ಏಳು ಮಂದಿಯಲ್ಲಿ ಕೆಲವರಾದರೂ ಅಲ್ಲೇ ಉಳಿದರು. ಗಾಯಕ ಹುಡುಗರನ್ನು ನಟರಾಗಿ ಬಳಸಬಾರದೆಂದು ಗೈಲ್ಸ್‌ನ ಆಜ್ಞಾಪತ್ರಕ್ಕೆ ಷರತ್ತು ಸೇರಿದ್ದು 1606ರಲ್ಲಿ.

ಕಂಪನಿಗೆ ಈ ಮನೆ ತಪ್ಪಿಸಿದ್ದು ಈ ಅನ್ಯಾಯವಲ್ಲ, ನಾಲಿಗೆ. 1608ರಲ್ಲಿ ಇವರು ಆಡಿದ, ನಾಟಕಕಾರ ಚಾಪ್‌ಮನ್‌ನ ನಾಟಕದಲ್ಲಿ ಫ್ರಾನ್ಸಿನ ರಾಣಿ ರಾಜನ ಪ್ರೇಯಸಿಯ ಕೆನ್ನೆಗೆ ಬಾರಿಸುವ ದೃಶ್ಯ ಬಂತು, ಫ್ರೆಂಚ್ ರಾಯಭಾರಿ ದೂರಿತ್ತ. ಜೇಮ್ಸ್ ದೊರೆ ಸಿಟ್ಟಾದ. ಆಗಸ್ಟ್‌ನಲ್ಲಿ ಇವಾನ್ಸ್ ಗುತ್ತಿಗೆ ಬಿಟ್ಟುಕೊಟ್ಟ, ಮನೆ ಶೇಕ್ಸ್‌ಪಿಯರ್ ಪಾಲುದಾರನಾಗಿದ್ದ ದೊಡ್ಡವರ ಕಂಪನಿ ಕಿಂಗ್ಸ್ ಮೆನ್ ಕೈಸೇರಿತು. ಕ್ಲಿಫ್ಟನ್ನನ ಪಟ್ಟಿಯಲ್ಲಿದ್ದ ನೇಥನ್ ಫೀಲ್ಡ್‌ಗೆ ಆಗ 20 ವರ್ಷ, ‘ಮಕ್ಕಳು’ ಎಂಬ ಹೆಸರಷ್ಟೇ ಉಳಿದಿತ್ತು. ಕೆಲ ವರ್ಷಗಳ ಮೇಲೆ ಅವನೂ ಕಿಂಗ್ಸ್ ಮೆನ್ ಸೇರಿದ.

– ಒಬ್ಬ ಓದುಗ, ಮೈಸೂರು